ಓಡುವ ವಾಹನಕ್ಕೆ ಚಪ್ಪಟೆ ಉಪಗ್ರಹ ಆಂಟೆನಾ: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಬುಲೆನ್ಸ್, ಟಿವಿ ಚಾನೆಲ್‌ಗಳ ಓಬಿ ವ್ಯಾನ್, ಭೂಕುಸಿತದ ಜಾಗಕ್ಕೆ ಧಾವಿಸುವ ರಕ್ಷಣಾ ವಾಹನ, ರೈಲು ಇವೆಲ್ಲ ಓಡುತ್ತಿರುವಾಗಲೇ ಉಪಗ್ರಹದ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಅದಕ್ಕಾಗಿ ಟಾಪ್ ಮೇಲೆ ಕೂರಿಸುವ ತಗ್ಗಿನ ಆಂಟೆನಾವನ್ನು ವಿನ್ಯಾಸ ಮಾಡುವವರು, ಕೊಳ್ಳುವವರು, ಅದರ ಬಗ್ಗೆ ಓದುತ್ತಿರುವವರು ಕೇಳುವ ಪ್ರಶ್ನೆಗಳಿವು. ಈ ವಿಷಯದ ಪುಸ್ತಕ, ಲೇಖನ, ಬ್ರೋಷರ್‌ಗಳಲ್ಲಿ ಬಹುಪಾಲು ಯುರೋಪ್, ಅಮೆರಿಕದ ಆಕಾಶವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಆಕಾಶದಲ್ಲಿ ಉಪಗ್ರಹ ನಿಲ್ಲುವ ಜಾಗ ಬೇರೆ, ಅದರಿಂದ ವಿನ್ಯಾಸವೂ ಬೇರೆಯಾಗುತ್ತದೆ. ಹಾಗಾಗಿ ಲೆಕ್ಕಗಳನ್ನು ಕರ್ನಾಟಕದ ರಸ್ತೆಗಳಿಗೆ ಹೊಂದಿಸಿ ಹಾಕಿದ್ದೇನೆ. ಉದಾಹರಣೆಗೆ ಹಿಡಿದಿರುವುದು 2018ರ ಡಿಸೆಂಬರ್‌ನಲ್ಲಿ ಹಾರಿಸಿದ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-11.

ಮನೆ ಮೇಲಿನ ಡಿಟಿಎಚ್ ಡಿಶ್ಶನ್ನೇ ಗಾಡಿ ಮೇಲೆ ಕೂರಿಸಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಮನೆಯ ಡಿಶ್ ಒಮ್ಮೆ ತಿರುಗಿಸಿ ಬಿಗಿ ಮಾಡಿದ ಮೇಲೆ ಅಲ್ಲಾಡುವುದಿಲ್ಲ, ಮತ್ತು ಅದು ಬರೀ ಕೇಳುತ್ತದೆ, ಏನನ್ನೂ ಕಳಿಸುವುದಿಲ್ಲ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು ನಮ್ಮ ಭೂಸ್ಥಿರ ಉಪಗ್ರಹಗಳನ್ನು (ಭೂಮಿಯ ಜೊತೆಗೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವವು) ಅವುಗಳ ಜಾಗದಿಂದ ಕದಲದಂತೆ ನೋಡಿಕೊಳ್ಳುತ್ತಾರೆ. ಹಾಗಾಗಿ ಅಲ್ಲಾಡುವುದು ಗಾಡಿ ಮಾತ್ರ. ಅದು ತಿರುಗಿದಷ್ಟು, ವಾಲಿದಷ್ಟು, ಕುಲುಕಿದಷ್ಟು ಆಂಟೆನಾದ ಬೀಮ್ ಉಲ್ಟಾ ತಿರುಗಬೇಕು. ಜೊತೆಗೆ 35,786 ಕಿ.ಮೀ. ಎತ್ತರಕ್ಕೆ ಡೇಟಾ ವಾಪಸ್ ಕಳಿಸಲೂ ಬೇಕು. ಕಷ್ಟವೆಲ್ಲ ಬರುವುದು ಕಳಿಸುವ ಕಡೆಯಿಂದ.

ಎತ್ತರ ತಗ್ಗಿಸುವ ಹಟ ಯಾಕೆ?

ಗಾಳಿಯ ತಡೆ, ತಗ್ಗು ಸೇತುವೆ, ಮರದ ಕೊಂಬೆ, ಗಾಡಿಯ ತೂಕದ ಹದ. ರೈಲಾದರೆ ತಲೆ ಮೇಲೆ 25 ಕಿಲೋವೋಲ್ಟ್ ತಂತಿ. ಸೇನೆಯ ವಾಹನವಾದರೆ ಯಾರ ಕಣ್ಣಿಗೂ ಬೀಳಬಾರದು. ಓಬಿ ವ್ಯಾನ್ ಮೇಲಿನ ದೊಡ್ಡ ಡಿಶ್ ಗಾಡಿ ನಿಲ್ಲಿಸಿದ ಮೇಲೆ ಎದ್ದು ನಿಂತರೆ ಸಾಕು, ಆದರೆ ಆಂಬುಲೆನ್ಸ್‌ಗೆ ನಿಲ್ಲುವಷ್ಟು ಹೊತ್ತಿಲ್ಲ.

ಎಷ್ಟು ಸಣ್ಣದು ಮಾಡಬಹುದು?

ಗೇನ್, ಅಂದರೆ ಆಂಟೆನಾ ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವ ಬಲ, ಬರುವುದು ವಿಸ್ತೀರ್ಣದಿಂದ, ಬೇರೆ ದಾರಿಯಿಲ್ಲ. ಕೆಯು ಬ್ಯಾಂಡ್‌ನಲ್ಲಿ ಸ್ವೀಕರಿಸುವುದು 10.7ರಿಂದ 12.75 ಗಿಗಾಹರ್ಟ್ಸ್, ಕಳಿಸುವುದು ಸಾಮಾನ್ಯವಾಗಿ 14.0ರಿಂದ 14.5 ಗಿಗಾಹರ್ಟ್ಸ್. 12 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 2.5 ಸೆಂ.ಮೀ. ಅಲ್ಲಿ 45 ಸೆಂ.ಮೀ. ವ್ಯಾಸದ, 60 ಶೇಕಡ ದಕ್ಷತೆಯ ತಟ್ಟೆಗೆ ಸುಮಾರು 33 ಡಿಬಿ (ಡೆಸಿಬೆಲ್; 3 ಡಿಬಿ ಹೆಚ್ಚಾದರೆ ದುಪ್ಪಟ್ಟು, 10 ಹೆಚ್ಚಾದರೆ ಹತ್ತುಪಟ್ಟು) ಗೇನ್ ಸಿಗುತ್ತದೆ. ಇಡೀ ವ್ಯವಸ್ಥೆಯ ಗದ್ದಲದ ತಾಪ (ಸಿಗ್ನಲ್ ಜೊತೆ ಸೇರುವ ಬೇಡದ ಗದ್ದಲವನ್ನು ತಾಪಮಾನದಲ್ಲಿ ಹೇಳುವ ಅಳತೆ) 150 ಕೆಲ್ವಿನ್ ಎಂದು ಹಿಡಿದರೆ, ಗೇನ್‌ಗೂ ಗದ್ದಲಕ್ಕೂ ಇರುವ ಅನುಪಾತ, ಅಂದರೆ ಎಲ್ಲರೂ ಹೇಳುವ ಜಿ ಬೈ ಟಿ, ಸುಮಾರು 11 ಡಿಬಿ ಪ್ರತಿ ಕೆಲ್ವಿನ್. ಒಂದೆರಡು ಎಂಬಿಪಿಎಸ್ ಕಳಿಸಿ, ಅದಕ್ಕಿಂತ ಹೆಚ್ಚು ಇಳಿಸಿಕೊಳ್ಳುವ ಗಾಡಿಗೆ ಇಲ್ಲಿಂದ ಲೆಕ್ಕ ಶುರು ಮಾಡಬಹುದು.

ಇದರ ಅರ್ಧ ವ್ಯಾಸಕ್ಕೆ ಇಳಿದರೆ 6 ಡಿಬಿ ಹೋಗುತ್ತದೆ, ಅಂದರೆ ಉಳಿಯುವುದು ಕಾಲು ಭಾಗ. ಇದನ್ನು ಮೀರುವ ಯಾವ ಹೊಸ ತಂತ್ರಜ್ಞಾನವೂ ಇಲ್ಲ. ಯಾರಾದರೂ ಅಂಗೈಯಗಲದ ಆಂಟೆನಾ ತೋರಿಸಿ ಭೂಸ್ಥಿರ ಉಪಗ್ರಹಕ್ಕೆ ಎಚ್‌ಡಿ ವಿಡಿಯೋ ಕಳಿಸುತ್ತದೆ ಎಂದರೆ ಮೊದಲು ಲಿಂಕ್ ಬಜೆಟ್, ಅಂದರೆ ಕಳಿಸಿದ ಶಕ್ತಿಯಲ್ಲಿ ಎಷ್ಟು ತಲುಪುತ್ತದೆ ಎಂಬ ಲೆಕ್ಕ, ಕೇಳಿ.

ಗೇನ್‌ನಷ್ಟೇ ಮುಖ್ಯವಾದದ್ದು ಲೋ ನಾಯ್ಸ್ ಆಂಪ್ಲಿಫೈಯರ್ (ಬಂದ ಕ್ಷೀಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಭಾಗ) ಎಲ್ಲಿ ಕೂರುತ್ತದೆ ಎಂಬುದು. ಅದಕ್ಕಿಂತ ಮುಂಚೆ ಲೈನಿನಲ್ಲಿ ಅರ್ಧ ಡಿಬಿ ಕಳೆದರೆ ಗೇನ್ ಅರ್ಧ ಡಿಬಿ ಇಳಿಯುವುದರ ಜೊತೆಗೆ ಸುಮಾರು 30 ಕೆಲ್ವಿನ್ ಗದ್ದಲವೂ ಸೇರಿಕೊಳ್ಳುತ್ತದೆ. ತಂಪು ಆಕಾಶ ನೋಡುತ್ತಿರುವ ಆಂಟೆನಾಕ್ಕೆ 30 ಕೆಲ್ವಿನ್ ದೊಡ್ಡ ಹೊಡೆತ.

ನಮ್ಮ ಆಕಾಶ ಬೇರೆ ಎಂದಿರಿ. ಹೇಗೆ?

ಭೂಸ್ಥಿರ ಉಪಗ್ರಹಗಳೆಲ್ಲ ಸಮಭಾಜಕದ ಮೇಲಿವೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿಂದ ನೋಡಿದರೆ ಜಿಸ್ಯಾಟ್-11 ಇರುವುದು ದಿಗಂತದಿಂದ 74 ಡಿಗ್ರಿ ಮೇಲೆ, ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿ. ಹೆಚ್ಚುಕಡಿಮೆ ನೆತ್ತಿಯ ಮೇಲೆ ಎನ್ನಬಹುದು. ಬೀದರ್‌ನಲ್ಲಿ 69 ಡಿಗ್ರಿ, ಚಾಮರಾಜನಗರದಲ್ಲಿ 76. ಲಂಡನ್ನಿನಲ್ಲಿ ಆ ಊರಿನದೇ ರೇಖಾಂಶದ ಉಪಗ್ರಹ ಕೂಡ 31 ಡಿಗ್ರಿಗಿಂತ ಮೇಲೆ ಕಾಣುವುದಿಲ್ಲ, ಓಸ್ಲೋದಲ್ಲಿ 22ರ ಆಸುಪಾಸು.

ಇದರ ಪರಿಣಾಮ ನೋಡಿ. 45 ಸೆಂ.ಮೀ. ಪ್ಯಾನೆಲ್ ಒಂದನ್ನು ಮೋಟಾರಿನಿಂದ ಎತ್ತಿ ಉಪಗ್ರಹದ ಕಡೆ ಮುಖ ಮಾಡಿಸಬೇಕು. ಲಂಡನ್ನಿನಲ್ಲಿ ಅದನ್ನು 59 ಡಿಗ್ರಿ ಎತ್ತಬೇಕು, ಟಾಪ್‌ನಿಂದ ಸುಮಾರು 39 ಸೆಂ.ಮೀ. ಮೇಲೇಳುತ್ತದೆ. ಬೆಂಗಳೂರಿನಲ್ಲಿ 16 ಡಿಗ್ರಿ ಎತ್ತಿದರೆ ಸಾಕು, ಏಳುವುದು 12 ಸೆಂ.ಮೀ.ಗೂ ಸ್ವಲ್ಪ ಜಾಸ್ತಿ. ಅಲ್ಲಿನವರು ಎತ್ತರ ಉಳಿಸಲು ಪ್ಯಾನೆಲ್ಲನ್ನೇ ಗಿಡ್ಡ ಮಾಡಿ, ಪಟ್ಟಿಯಂತೆ ಉದ್ದಕ್ಕೆ ಎಳೆಯುತ್ತಾರೆ. ಆ ತ್ಯಾಗ ನಮಗೆ ಅಗತ್ಯವಿಲ್ಲ.

ಮಲಗಿಸಿಟ್ಟ ಎಲೆಕ್ಟ್ರಾನಿಕ್ ಅರೇ (ಎಲಿಮೆಂಟ್ ಎನ್ನುವ ಪುಟ್ಟ ಪುಟ್ಟ ಆಂಟೆನಾಗಳ ಸಾಲು, ತಾನು ಅಲ್ಲಾಡದೆ ಬೀಮನ್ನು ಮಾತ್ರ ಬಗ್ಗಿಸುತ್ತದೆ) ಆದರೂ ಇದೇ ಕಥೆ. ಬೀಮನ್ನು ನೇರ ಮೇಲಿನಿಂದ ಬಗ್ಗಿಸಿದಷ್ಟೂ ಗೇನ್ ಇಳಿಯುತ್ತದೆ, ಏಕೆಂದರೆ ಓರೆಯಿಂದ ನೋಡಿದಾಗ ತಟ್ಟೆ ಸಣ್ಣದಾಗಿ ಕಾಣುತ್ತದೆ. 59 ಡಿಗ್ರಿ ಬಗ್ಗಿಸಿದರೆ ಆದರ್ಶ ಲೆಕ್ಕದಲ್ಲೇ ಸುಮಾರು 3 ಡಿಬಿ, ನಿಜವಾದ ಎಲಿಮೆಂಟ್‌ಗಳಲ್ಲಿ 4 ಡಿಬಿಗೂ ಹೆಚ್ಚು ನಷ್ಟ. 16 ಡಿಗ್ರಿಗೆ ಬರೀ ಕಾಲು ಡಿಬಿ. ‘ಚಪ್ಪಟೆ ಅರೇಯಲ್ಲಿ ಸ್ಕ್ಯಾನ್ ನಷ್ಟ ಜಾಸ್ತಿ, ಹಾಗಾಗಿ ಬೇಡ’ ಎಂಬ ಮಾತನ್ನು ನಮ್ಮಲ್ಲೂ ಹಾಗೇ ಒಪ್ಪಿಕೊಂಡು ಕೂತಿರುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಅದು ಉತ್ತರದ ದೇಶಗಳ ಕಷ್ಟ. ಲೇಹ್‌ನಲ್ಲೇ ಈ ಉಪಗ್ರಹ 50 ಡಿಗ್ರಿ ಮೇಲಿದೆ.

ಹಾಗಾದರೆ ನಮಗೆ ಎಲ್ಲವೂ ಸುಲಭವೇ?

ಇಲ್ಲ. ಮೋಟಾರಿನಿಂದ ತಿರುಗುವ ಆಂಟೆನಾಕ್ಕೆ ನೆತ್ತಿಯೇ ಅತಿ ಕೆಟ್ಟ ಜಾಗ, ಮತ್ತು ಇದನ್ನು ಬ್ರೋಷರ್ ಹೇಳುವುದಿಲ್ಲ.

ಸಾಮಾನ್ಯ ಯಾಂತ್ರಿಕ ಆಂಟೆನಾಕ್ಕೆ ಎರಡು ಅಕ್ಷ. ಒಂದು ಸುತ್ತ ತಿರುಗುತ್ತದೆ, ಇನ್ನೊಂದು ಮೇಲೆ ಕೆಳಗೆ ಎತ್ತುತ್ತದೆ. ಉಪಗ್ರಹ ನೆತ್ತಿಗೆ ಹತ್ತಿರವಾದಂತೆ, ಗಾಡಿ ಸ್ವಲ್ಪ ಪಕ್ಕಕ್ಕೆ ವಾಲಿದರೂ ಸುತ್ತುವ ಅಕ್ಷ ತುಂಬಾ ತಿರುಗಬೇಕಾಗುತ್ತದೆ. ಸ್ಥೂಲವಾಗಿ, ಗಾಡಿ ವಾಲುವ ವೇಗವನ್ನು ಎತ್ತರಕೋನದ ಟ್ಯಾನ್‌ನಿಂದ ಗುಣಿಸಿದರೆ ಮೋಟಾರು ತಿರುಗಬೇಕಾದ ವೇಗ ಸಿಗುತ್ತದೆ. ಹೊಂಡದಲ್ಲಿ ಚಕ್ರ ಇಳಿದು ಗಾಡಿ ಸೆಕೆಂಡಿಗೆ 20 ಡಿಗ್ರಿ ವೇಗದಲ್ಲಿ ವಾಲಿತು ಎಂದಿಟ್ಟುಕೊಳ್ಳಿ. ಲಂಡನ್ನಿನಲ್ಲಿ ಮೋಟಾರು ಸೆಕೆಂಡಿಗೆ 12 ಡಿಗ್ರಿ ತಿರುಗಿದರೆ ಸಾಕು. ಬೆಂಗಳೂರಿನಲ್ಲಿ 70 ಡಿಗ್ರಿ. ಗಾಡಿ ಇಳಿಜಾರಿನಲ್ಲಿದ್ದು ಟಾಪ್ ಇನ್ನೂ 10 ಡಿಗ್ರಿ ಉಪಗ್ರಹದ ಕಡೆ ವಾಲಿದ್ದರೆ, ಟಾಪ್‌ನ ಲೆಕ್ಕಕ್ಕೆ ಎತ್ತರಕೋನ 84 ಆಗುತ್ತದೆ, ಬೇಕಾದ ವೇಗ ಸೆಕೆಂಡಿಗೆ 190 ಡಿಗ್ರಿ. ಸರಿಯಾಗಿ 90ಕ್ಕೆ ಬಂದರೆ ಲೆಕ್ಕ ಅನಂತಕ್ಕೆ ಹೋಗುತ್ತದೆ. ಇದನ್ನೇ ಕೀಹೋಲ್ ಎನ್ನುತ್ತಾರೆ.

ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವೊಂದರಲ್ಲಿ ಏನಾಗುತ್ತದೆ ನೋಡಿ. ಗಾಡಿ ಕೆಲವೇ ಸೆಕೆಂಡಿನಲ್ಲಿ ಅರ್ಧ ಸುತ್ತು ತಿರುಗುತ್ತದೆ, ಅದೇ ಹೊತ್ತಿಗೆ ಮೂಗು ಮೇಲೆತ್ತುತ್ತದೆ, ಪಕ್ಕಕ್ಕೂ ವಾಲುತ್ತದೆ. ಟಾಪ್‌ನ ಲೆಕ್ಕಕ್ಕೆ ಉಪಗ್ರಹ ನೆತ್ತಿಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ದಾಟುವ ಆ ಗಳಿಗೆಯಲ್ಲಿ ಮೋಟಾರು 180 ಡಿಗ್ರಿ ಓಡಬೇಕು. ಓಡಲಾಗದೆ ಸಿಗ್ನಲ್ ಬೀಳುತ್ತದೆ, ಮತ್ತೆ ಹುಡುಕಿ ಹಿಡಿಯುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ.

ಪರಿಹಾರ ಮೂರು. ಅಡ್ಡಕ್ಕೆ ವಾಲುವ ಮೂರನೇ ಅಕ್ಷ ಸೇರಿಸುವುದು, ಆದರೆ ಎತ್ತರ ಮತ್ತು ತೂಕ ಹೆಚ್ಚುತ್ತವೆ. ಎರಡೂ ಅಕ್ಷಗಳನ್ನು ಮಲಗಿಸಿದ ಎಕ್ಸ್-ವೈ ಜೋಡಣೆ ಬಳಸುವುದು, ಇದರಲ್ಲಿ ಕೀಹೋಲ್ ದಿಗಂತಕ್ಕೆ ಸರಿದುಹೋಗುತ್ತದೆ, ನಮಗೆ ದಿಗಂತ ಬೇಡವೇ ಬೇಡ. ಇಲ್ಲವೇ ಪೂರ್ತಿ ಎಲೆಕ್ಟ್ರಾನಿಕ್ ಅರೇ, ಅದಕ್ಕೆ ಕೀಹೋಲೇ ಇಲ್ಲ. ಕರ್ನಾಟಕದಲ್ಲಷ್ಟೇ ಓಡುವ ಗಾಡಿಗೆ ನಾನು ಎಕ್ಸ್-ವೈ ಜೋಡಣೆಯನ್ನು ಮೊದಲು ಯೋಚಿಸುತ್ತೇನೆ. ಅಗ್ಗ, ಮತ್ತು ವರ್ಕ್‌ಶಾಪ್‌ನಲ್ಲಿ ರಿಪೇರಿ ಮಾಡಬಹುದು.

ಎಲೆಕ್ಟ್ರಾನಿಕ್ ಅರೇಯಲ್ಲಿ ಎಷ್ಟು ಎಲಿಮೆಂಟ್ ಬೇಕು?

ಅದು ಬೀಮನ್ನು ಎಷ್ಟು ಬಗ್ಗಿಸಬೇಕು ಎಂಬುದರ ಮೇಲೆ. ಎಲಿಮೆಂಟ್‌ಗಳು ದೂರವಾದರೆ ಬೇಡದ ದಿಕ್ಕಿನಲ್ಲಿ ಇನ್ನೊಂದು ಮುಖ್ಯ ಬೀಮ್ ಹುಟ್ಟುತ್ತದೆ. ಅದನ್ನು ತಪ್ಪಿಸಲು, ತರಂಗದೂರವನ್ನು ಒಂದು ಮತ್ತು ಬಗ್ಗುವ ಕೋನದ ಸೈನ್ ಇವುಗಳ ಮೊತ್ತದಿಂದ ಭಾಗಿಸಬೇಕು, ಬಂದದ್ದಕ್ಕಿಂತ ಅಂತರ ಹೆಚ್ಚಿರಬಾರದು. 14.5 ಗಿಗಾಹರ್ಟ್ಸ್‌ನಲ್ಲಿ 60 ಡಿಗ್ರಿವರೆಗೆ ಬಗ್ಗಿಸಲು ಅಂತರ 11 ಮಿ.ಮೀ.; ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕದಲ್ಲಿ ಸುಮಾರು 2,000 ಎಲಿಮೆಂಟ್. ಕರ್ನಾಟಕಕ್ಕೆ 16 ಡಿಗ್ರಿ, ಜೊತೆಗೆ ಗಾಡಿ ವಾಲುವುದಕ್ಕೆಂದು ಒಂದಷ್ಟು, ಒಟ್ಟು 35 ಡಿಗ್ರಿ ಸಾಕು ಎಂದರೆ ಅಂತರ 13 ಮಿ.ಮೀ.; ಎಲಿಮೆಂಟ್ ಸುಮಾರು 1,450. ಕಾಲು ಭಾಗಕ್ಕೂ ಹೆಚ್ಚು ಚಿಪ್ ಉಳಿಯಿತು. ಅದೇ ಗಾಡಿ ಲಡಾಖ್‌ಗೂ ಹೋಗಬೇಕು ಎಂದರೆ 55 ಡಿಗ್ರಿ ಬೇಕು, ಈ ಉಳಿತಾಯ ಇಲ್ಲ. ಕೆಎ ಬ್ಯಾಂಡ್‌ನ 30 ಗಿಗಾಹರ್ಟ್ಸ್‌ಗೆ ಹೋದರೆ, ಅದೇ ಅಳತೆಯಲ್ಲಿ 60 ಡಿಗ್ರಿ ಬಗ್ಗಲು 8,000ಕ್ಕೂ ಮೀರುತ್ತದೆ.

ಬಿಸಿಲಿಗೆ ಏನಾಗುತ್ತದೆ?

ಒಂದೊಂದು ಎಲಿಮೆಂಟ್‌ಗೆ 0.1 ವ್ಯಾಟ್ ಎಂದರೂ 2,000ಕ್ಕೆ 200 ವ್ಯಾಟ್. ಅದರಲ್ಲಿ ಬಹುಪಾಲು ಶಾಖವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಬಿಸಿಲಲ್ಲಿ ನಿಂತ ಗಾಡಿಯ ತಗಡು ಮುಟ್ಟಲಾಗದಷ್ಟು ಕಾದಿರುತ್ತದೆ, ಮೇಲೆ ಈ 200 ವ್ಯಾಟ್. ಚಪ್ಪಟೆ ಆಂಟೆನಾದಲ್ಲಿ ಗಾಳಿ ಆಡಲು ಜಾಗವಿಲ್ಲ. ಹಿಂಬದಿಯ ಅಲ್ಯೂಮಿನಿಯಂ ತಟ್ಟೆಗೆ ರೆಕ್ಕೆಗಳಿರಲಿ, ಟಾಪ್‌ಗೂ ಅದಕ್ಕೂ ನಡುವೆ ಗಾಳಿ ಹಾಯುವ ಸಂದಿ ಇರಲಿ. ಓಡುವಾಗ ಗಾಳಿ ತಾನೇ ತಂಪು ಮಾಡುತ್ತದೆ. ಸಿಗ್ನಲ್ಲಿನಲ್ಲಿ, ಟೋಲ್‌ನಲ್ಲಿ ನಿಂತಾಗಲೂ ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ.

ಬೀಮ್ 0.2 ಡಿಗ್ರಿಯೊಳಗೆ ಇರಬೇಕು ಅಂತಾರೆ. ಅಷ್ಟೊಂದು ಕಟ್ಟುನಿಟ್ಟು ಯಾಕೆ?

ನಿಮ್ಮ ಸಿಗ್ನಲ್‌ಗಾಗಿ ಅಲ್ಲ, ಪಕ್ಕದವರಿಗಾಗಿ. 45 ಸೆಂ.ಮೀ. ತಟ್ಟೆಯ ಬೀಮ್ 14 ಗಿಗಾಹರ್ಟ್ಸ್‌ನಲ್ಲಿ ಸುಮಾರು 3.3 ಡಿಗ್ರಿ ಅಗಲ. ಅದು ಅರ್ಧ ಡಿಗ್ರಿ ತಪ್ಪಿದರೆ ನಿಮಗೆ ಆಗುವ ನಷ್ಟ ಕಾಲು ಡಿಬಿಗೆ ಸ್ವಲ್ಪ ಜಾಸ್ತಿ, ಗೊತ್ತೇ ಆಗುವುದಿಲ್ಲ. ಆದರೆ ಭೂಸ್ಥಿರ ಕಕ್ಷೆಯಲ್ಲಿ ಉಪಗ್ರಹಗಳು ಎರಡೆರಡು ಡಿಗ್ರಿಗೊಂದು ಕೂತಿವೆ. ಅಗಲದ ಬೀಮ್ ಪಕ್ಕಕ್ಕೆ ಸರಿದರೆ ನಿಮ್ಮ ಪ್ರಸಾರ ಪಕ್ಕದ ಉಪಗ್ರಹದ ಗ್ರಾಹಕರ ಕೆಲಸ ಕೆಡಿಸುತ್ತದೆ, ಕೆಡಿಸುತ್ತಿರುವುದು ಯಾರೆಂದು ಅವರಿಗೆ ಬೇಗ ಗೊತ್ತೂ ಆಗುವುದಿಲ್ಲ.

ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ವಾಹನದ ಆಂಟೆನಾಗಳಿಗೆ ಹಿಂದೆ ಹಾಕಿದ್ದ ಲೆಕ್ಕ ಇಲ್ಲಿ ಮಾದರಿ: ದಿಕ್ಕು 0.2 ಡಿಗ್ರಿಯೊಳಗೆ ಇರಬೇಕು, 0.5 ಮೀರಿದರೆ 100 ಮಿಲಿಸೆಕೆಂಡಿನೊಳಗೆ ಪ್ರಸಾರ ನಿಲ್ಲಬೇಕು, ಮತ್ತೆ 0.2ರೊಳಗೆ ಬಂದ ಮೇಲೆಯೇ ಶುರುವಾಗಬೇಕು. ಅಷ್ಟು ನಿಖರತೆ ಸಾಧ್ಯವಿಲ್ಲ ಎನ್ನುವವರು ಇಷ್ಟೇ ತಪ್ಪುತ್ತೇವೆ ಎಂದು ಘೋಷಿಸಿ, ಶಕ್ತಿಯನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬಹುದಿತ್ತು. ಯುರೋಪಿನಲ್ಲಿ ಕೆಯು ಬ್ಯಾಂಡ್ ವಾಹನಗಳಿಗೆ ಅಲ್ಲಿನ ಮಾನದಂಡ ಸಂಸ್ಥೆ ಎಟ್ಸಿಯ ಇಎನ್ 302 977 ಮಾನದಂಡವಿದೆ.

ಸ್ಕ್ಯೂ ಕೋನ ಎಂದರೇನು? ಅದರಿಂದ ಏನು ತೊಂದರೆ?

ಗಿಡ್ಡ, ಅಗಲದ ಪ್ಯಾನೆಲ್‌ನ ಬೀಮ್ ದುಂಡಗಿರುವುದಿಲ್ಲ. 45 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ ಎಂದರೆ ಬೀಮ್ ಅಡ್ಡಕ್ಕೆ 3.3 ಡಿಗ್ರಿ, ಉದ್ದಕ್ಕೆ 10 ಡಿಗ್ರಿಯಷ್ಟು. ಉಪಗ್ರಹಗಳ ಸಾಲು ಅಡ್ಡಕ್ಕೆ ಹರಡಿದ್ದರೆ ತೊಂದರೆಯಿಲ್ಲ, ಅಗಲ ಭಾಗ ಖಾಲಿ ಆಕಾಶಕ್ಕೆ ಬೀಳುತ್ತದೆ. ಸಾಲು ಓರೆಯಾದರೆ ಆ 10 ಡಿಗ್ರಿಯಲ್ಲಿ ನಾಲ್ಕೈದು ಉಪಗ್ರಹ ಸಿಕ್ಕಿಬೀಳುತ್ತವೆ. ಬೆಂಗಳೂರಿನಿಂದ 74 ಡಿಗ್ರಿಯ ಉಪಗ್ರಹಕ್ಕೆ ಈ ಓರೆ, ಅಂದರೆ ಸ್ಕ್ಯೂ ಕೋನ, ಸುಮಾರು 15 ಡಿಗ್ರಿ. ಅದೇ 50 ಡಿಗ್ರಿ ಪೂರ್ವದ ಉಪಗ್ರಹ ಹಿಡಿದರೆ 60 ಡಿಗ್ರಿ ದಾಟುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ನಮಗೆ ಈ ಓರೆ ಬಲು ಬೇಗ ಏರುತ್ತದೆ, ಹಾಗಾಗಿ ನಮ್ಮ ರೇಖಾಂಶಕ್ಕೆ ಹತ್ತಿರದ ಉಪಗ್ರಹವನ್ನೇ ಆರಿಸಿ. ದುಂಡು ಅಥವಾ ಚೌಕ ಪ್ಯಾನೆಲ್ ಆದರೆ ಇನ್ನೂ ನಿಶ್ಚಿಂತೆ.

ಹಂಪ್ ಹಾರಿದಾಗಲೂ ಆಂಟೆನಾ ಉಪಗ್ರಹವನ್ನು ಹೇಗೆ ಹಿಡಿದಿರುತ್ತದೆ?

ಎರಡು ಬಗೆಯ ಅರಿವಿನಿಂದ. ಜೈರೋ ಗಾಡಿಯ ಅಲುಗಾಟವನ್ನು ಸೆಕೆಂಡಿಗೆ ನೂರಾರು ಸಲ ಅಳೆಯುತ್ತದೆ, ಬೀಮ್ ಅದಕ್ಕೆ ವಿರುದ್ಧವಾಗಿ ತಕ್ಷಣ ತಿರುಗುತ್ತದೆ. ಆದರೆ ಜೈರೋ ನಿಧಾನಕ್ಕೆ ದಾರಿ ತಪ್ಪುತ್ತದೆ. ಅದನ್ನು ಸರಿಪಡಿಸುವುದು ಉಪಗ್ರಹದ ಸಿಗ್ನಲ್. ಬೀಮನ್ನು ಒಂದಿಷ್ಟೇ ಇಷ್ಟು ಸುತ್ತಲೂ ಆಡಿಸಿ ಯಾವ ಕಡೆ ಜೋರಾಗಿದೆ ಎಂದು ನೋಡುವುದು, ಅಥವಾ ಪ್ಯಾನೆಲ್ಲಿನ ಭಾಗಗಳ ಸಿಗ್ನಲ್ ವ್ಯತ್ಯಾಸದಿಂದ ಒಂದೇ ಏಟಿಗೆ ತಪ್ಪನ್ನು ತಿಳಿಯುವ ಮೋನೋಪಲ್ಸ್.

ಗಾಡಿಯ ಮುಖ ಯಾವ ಕಡೆಗಿದೆ ಎಂಬುದು ಶುರುವಿನ ಪ್ರಶ್ನೆ. ಸುತ್ತ ಉಕ್ಕು ಇರುವುದರಿಂದ ದಿಕ್ಸೂಚಿಯನ್ನು ನಂಬಲಾಗದು. ಒಂದೇ ಜಿಪಿಎಸ್ ಇದ್ದರೆ ಓಡಿದಾಗ ಮಾತ್ರ ದಿಕ್ಕು ಗೊತ್ತಾಗುತ್ತದೆ. ಟಾಪ್ ಮೇಲೆ ಮೀಟರ್ ಅಂತರದಲ್ಲಿ ಎರಡು ಜಿಪಿಎಸ್ ಆಂಟೆನಾ ಕೂರಿಸಿದರೆ ನಿಂತಲ್ಲೇ ದಿಕ್ಕು ಸಿಗುತ್ತದೆ. ಇಲ್ಲೂ ನೆತ್ತಿಯ ಲಾಭವಿದೆ: ದಿಕ್ಕಿನಲ್ಲಿ 1 ಡಿಗ್ರಿ ತಪ್ಪಿದರೆ 74 ಡಿಗ್ರಿ ಎತ್ತರದಲ್ಲಿ ಬೀಮ್ ತಪ್ಪುವುದು 0.28 ಡಿಗ್ರಿ ಮಾತ್ರ.

ಜೈರೋವನ್ನು ಎಲ್ಲಿ ಕೂರಿಸುತ್ತೀರಿ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಆಂಟೆನಾದ ತಳಪಾಯಕ್ಕೇ ಅಂಟಿರಬೇಕು. ಗಾಡಿಯೊಳಗಿನ ರ‍್ಯಾಕ್‌ನಲ್ಲಿಟ್ಟರೆ ಹಂಪ್ ಮೇಲೆ ಟಾಪ್‌ನ ತಗಡು ಬಾಗುವುದು ಅದಕ್ಕೆ ಕಾಣುವುದಿಲ್ಲ. ನಾಲ್ಕು ಬೋಲ್ಟ್‌ಗಳಲ್ಲಿ ಒಂದು ಸಡಿಲವಾದರೂ 0.2 ಡಿಗ್ರಿಯ ಲೆಕ್ಕ ಅಲ್ಲೇ ಮುಗಿಯಿತು.

ಧ್ರುವೀಕರಣವನ್ನೂ ತಿರುಗಿಸಬೇಕೆ?

ಕೆಯು ಬ್ಯಾಂಡ್‌ನ ಹೆಚ್ಚಿನ ಉಪಗ್ರಹಗಳು ಅಡ್ಡ ಮತ್ತು ಲಂಬ ಧ್ರುವೀಕರಣ (ರೇಡಿಯೋ ಅಲೆ ಕಂಪಿಸುವ ದಿಕ್ಕು) ಬಳಸುತ್ತವೆ, ಅಂಥವಕ್ಕೆ ತಿರುಗಿಸಲೇಬೇಕು. 1 ಡಿಗ್ರಿ ತಪ್ಪಿದರೆ ಎರಡರ ನಡುವಿನ ಪ್ರತ್ಯೇಕತೆ 35 ಡಿಬಿ, 5 ಡಿಗ್ರಿಗೆ 21, 10 ಡಿಗ್ರಿಗೆ ಬರೀ 15. ಗಾಡಿ ಪಕ್ಕಕ್ಕೆ ವಾಲಿದಾಗೆಲ್ಲ ಇದನ್ನೂ ಸರಿಪಡಿಸುತ್ತಿರಬೇಕು. ಕೆಎ ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ವೃತ್ತೀಯ ಧ್ರುವೀಕರಣ ಇರುವುದರಿಂದ ಈ ತಲೆನೋವಿಲ್ಲ. ಗಾಡಿಗಳಿಗೆ ಕೆಎ ಇಷ್ಟವಾಗಲು ಇದೂ ಒಂದು ಕಾರಣ.

ಮಲೆನಾಡಿನ ಮಳೆಯಲ್ಲಿ ಕೆಎ ಬ್ಯಾಂಡ್ ನಿಲ್ಲುತ್ತದೆಯೇ?

ಗಂಟೆಗೆ 50 ಮಿ.ಮೀ. ರಭಸದ ಮಳೆಯಲ್ಲಿ ಪ್ರತಿ ಕಿಲೋಮೀಟರಿಗೆ ಆಗುವ ನಷ್ಟ 12 ಗಿಗಾಹರ್ಟ್ಸ್‌ನಲ್ಲಿ ಸುಮಾರು 2.4 ಡಿಬಿ, 20ರಲ್ಲಿ 5.7, 30ರಲ್ಲಿ 10ರ ಹತ್ತಿರ. ಉಪಗ್ರಹ ನೆತ್ತಿ ಮೇಲಿರುವುದರಿಂದ ಮಳೆಯೊಳಗಿನ ದಾರಿ ಮಾತ್ರ ನಮ್ಮಲ್ಲಿ ಕಿರಿದು. 5 ಕಿ.ಮೀ. ಎತ್ತರದವರೆಗೆ ಮಳೆಹನಿ ಇದೆ ಎಂದರೆ 74 ಡಿಗ್ರಿಯಲ್ಲಿ ದಾರಿ 5.2 ಕಿ.ಮೀ., 31 ಡಿಗ್ರಿಯಲ್ಲಾದರೆ 9.7. ಅಷ್ಟು ಜೋರು ಮಳೆ ದಾರಿಯುದ್ದಕ್ಕೂ ಒಂದೇ ಸಮ ಇರುವುದೂ ಅಪರೂಪ. ಆದರೂ ಆಗುಂಬೆ ಸುತ್ತಿನ ಜುಲೈ ಮಳೆಗೆ 30 ಗಿಗಾಹರ್ಟ್ಸ್ ಕಳಿಸುವ ಲಿಂಕ್ ಆಗಾಗ ಸೋಲುತ್ತದೆ ಎಂದೇ ಲೆಕ್ಕ ಹಾಕಿ. ಜೀವ ಉಳಿಸುವ ಕೆಲಸದ ಗಾಡಿ ಪಶ್ಚಿಮ ಘಟ್ಟದಲ್ಲಿ ಓಡುವುದಾದರೆ ನನ್ನ ಆಯ್ಕೆ ಕೆಯು.

ಮಳೆ ನಿಂತ ಮೇಲೂ ಸಿಗ್ನಲ್ ಬರುವುದಿಲ್ಲ. ಯಾಕೆ?

ರೇಡೋಮ್, ಅಂದರೆ ಆಂಟೆನಾದ ಮುಚ್ಚಳದ ಮೇಲೆ ನೀರು ನಿಂತಿರುತ್ತದೆ. ಪ್ರಸಾರ ಬಂದ್ ಮಾಡಿ ಟಾಪ್ ಹತ್ತಿ ನೋಡಿ. ಪೂರ್ತಿ ಚಪ್ಪಟೆ ಮುಚ್ಚಳವಾದರೆ ನಡುವೆ ತೆಳ್ಳಗೆ ನೀರಿನ ಪೊರೆ ಹರಡಿರುತ್ತದೆ, ಅಂಚಿನಲ್ಲಿ ತರಗೆಲೆ ಸೇರಿ ಕಟ್ಟೆ ಕಟ್ಟಿರುತ್ತದೆ. ಮಿಲಿಮೀಟರಿನ ಭಾಗದಷ್ಟು ದಪ್ಪದ ಈ ಪೊರೆ, ಕಿಲೋಮೀಟರುಗಟ್ಟಲೆ ಆಕಾಶದಲ್ಲಿ ಬೀಳುವ ಮಳೆಗಿಂತ ಹೆಚ್ಚು ಸಿಗ್ನಲ್ ತಿನ್ನಬಲ್ಲದು. ಬಟ್ಟೆಯಿಂದ ಒರೆಸಿದರೆ ಮೀಟರ್ ಮೇಲೇಳುವುದನ್ನು ಅಲ್ಲೇ ನೋಡಬಹುದು.

ಹಾಗಾಗಿ ಮುಚ್ಚಳಕ್ಕೆ ತುಸು ಉಬ್ಬು ಕೊಡಿ. ಒಂದೆರಡು ಸೆಂ.ಮೀ. ಎತ್ತರ ಹೆಚ್ಚಾದರೂ ಪರವಾಗಿಲ್ಲ, ನೀರು ಹರಿದು ಹೋಗಲಿ. ನೀರು ಅಂಟದ ಲೇಪನ ಒಳ್ಳೆಯದು, ಆದರೆ ಬಿಸಿಲು ಧೂಳಿಗೆ ಸವೆಯುತ್ತದೆ, ಮತ್ತೆ ಹಚ್ಚಬೇಕು. ಮುಚ್ಚಳದ ದಪ್ಪವೂ ಮುಖ್ಯ: ಒಂದೋ ಮಿಲಿಮೀಟರಿನಷ್ಟು ತೆಳು, ಇಲ್ಲವೇ ವಸ್ತುವಿನೊಳಗಿನ ತರಂಗದೂರದ ಅರ್ಧ. ಪಾಲಿಕಾರ್ಬೊನೇಟ್‌ಗೆ 14 ಗಿಗಾಹರ್ಟ್ಸ್‌ನಲ್ಲಿ ಅದು 6 ಮಿ.ಮೀ. ಚಿಲ್ಲರೆ. ಗಾಡಿಯ ಬಣ್ಣಕ್ಕೆ ಹೊಂದಲಿ ಎಂದು ಮೆಟಾಲಿಕ್ ಪೇಂಟ್ ಹೊಡೆಸಬೇಡಿ, ಲೋಹದ ಪುಡಿ ಸಿಗ್ನಲ್ ತಡೆಯುತ್ತದೆ.

ಘಾಟಿಯ ಕಾಡು, ಸುರಂಗದಲ್ಲಿ?

ಸುರಂಗದಲ್ಲಿ ಇಲ್ಲ, ಅದಕ್ಕೆ ಆಂಟೆನಾದಲ್ಲಿ ಮದ್ದಿಲ್ಲ. ಉಪಗ್ರಹ ಎತ್ತರದಲ್ಲಿರುವುದರಿಂದ ಪಕ್ಕದ ಗುಡ್ಡ, ಕಟ್ಟಡ ನಮಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ರಸ್ತೆ ಮೇಲೆ ಎರಡೂ ಕಡೆಯಿಂದ ಬಾಗಿ ಕೂಡಿಕೊಂಡ ಮರಗಳ ಚಪ್ಪರ. ಅದರಡಿ ಸಿಗ್ನಲ್ ಕ್ಷಣಕ್ಷಣಕ್ಕೂ ಬಂದು ಹೋಗುತ್ತದೆ. ಇಲ್ಲಿ ಆಂಟೆನಾ ಮಾಡಬೇಕಾದ್ದು ಒಂದೇ: ಸಿಗ್ನಲ್ ಹೋಯಿತೆಂದು ಗಾಬರಿಯಾಗಿ ಆಕಾಶವೆಲ್ಲ ಹುಡುಕಬಾರದು. ಕೆಲವು ಸೆಕೆಂಡು ಜೈರೋ ನಂಬಿಕೊಂಡು ಅದೇ ದಿಕ್ಕಿಗೆ ಕಾಯಬೇಕು. ಪ್ರಸಾರ ಮಾತ್ರ ಆಗಲೇ ನಿಂತಿರಬೇಕು. ಮೋಡೆಮ್ ಡೇಟಾ ಹಿಡಿದಿಟ್ಟು, ಮೊಬೈಲ್ ಟವರ್ ಸಿಕ್ಕರೆ ಅದರ ಮೂಲಕ ಕಳಿಸಬೇಕು.

ಸ್ಟಾರ್‌ಲಿಂಕ್, ವನ್‌ವೆಬ್ ಬಂದರೆ ಇದೆಲ್ಲ ತಲೆಬಿಸಿ ಇರುವುದಿಲ್ಲ ಅಲ್ಲವೇ?

ಕೆಲವು ಹೋಗುತ್ತವೆ, ಕೆಲವು ಹೊಸದಾಗಿ ಬರುತ್ತವೆ. ಇವು ತುಂಬಾ ತಗ್ಗಿನಲ್ಲಿ ಸುತ್ತುವ ಉಪಗ್ರಹಗಳ ಜಾಲಗಳು. 550 ಕಿ.ಮೀ. ಎತ್ತರದ ಉಪಗ್ರಹಕ್ಕೆ ದಾರಿಯ ನಷ್ಟ ಭೂಸ್ಥಿರಕ್ಕಿಂತ 36 ಡಿಬಿ ಕಡಿಮೆ. ಅಷ್ಟೂ ಲಾಭ ನಿಮಗೆ ಸಿಗುವುದಿಲ್ಲ, ಏಕೆಂದರೆ ಆ ಉಪಗ್ರಹಗಳು ಸಣ್ಣವು, ಅವುಗಳ ಶಕ್ತಿಯೂ ಕಡಿಮೆ. ವನ್‌ವೆಬ್ 1,200 ಕಿ.ಮೀ. ಎತ್ತರದಲ್ಲಿದೆ. ಅದರ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಇಸ್ರೋ ರಾಕೆಟ್‌ಗಳು ಎರಡು ಕಂತಿನಲ್ಲಿ ಶ್ರೀಹರಿಕೋಟಾದಿಂದ ಹೊತ್ತೊಯ್ದವು.

ಇವು ಓಡುವ ಉಪಗ್ರಹಗಳು. 550 ಕಿ.ಮೀ.ನಲ್ಲಿರುವುದು ನೆತ್ತಿ ದಾಟುವಾಗ ಸೆಕೆಂಡಿಗೆ 0.8 ಡಿಗ್ರಿಯಷ್ಟು ಸರಿಯುತ್ತದೆ. ಅದನ್ನು ಮೋಟಾರು ಹಿಂಬಾಲಿಸಬಲ್ಲದು. ಒಂದು ಮುಳುಗಿ ಇನ್ನೊಂದಕ್ಕೆ ನೆಗೆಯುವಾಗ ಮೋಟಾರಿಗೆ ಆಗುವುದಿಲ್ಲ. ಆಗ ಎಲೆಕ್ಟ್ರಾನಿಕ್ ಅರೇಯೇ ಬೇಕು, ಅದೂ ಎಲ್ಲ ಕಡೆಗೂ 55-60 ಡಿಗ್ರಿ ಬಗ್ಗುವಂಥದ್ದು. ಅಂದರೆ ಮೇಲೆ ಹೇಳಿದ ನೆತ್ತಿಯ ಲಾಭ ಇಲ್ಲಿ ಇಲ್ಲ. ಇನ್ನೊಂದು ವಿಷಯವೂ ಇದೆ. ಈ ಜಾಲಗಳು ಭೂಸ್ಥಿರ ಉಪಗ್ರಹಗಳಿಗೆ ತೊಂದರೆ ಕೊಡಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಹಾಗಾಗಿ ಭೂಸ್ಥಿರ ಉಪಗ್ರಹಗಳ ಸಾಲಿನ ಆಸುಪಾಸಿನ ಪಟ್ಟಿಯನ್ನು ಅವು ತಪ್ಪಿಸುತ್ತವೆ. ಲಂಡನ್ನಿನಲ್ಲಿ ಆ ಪಟ್ಟಿ ದಕ್ಷಿಣದ ಆಕಾಶದಲ್ಲಿ ಕೆಳಗಿರುತ್ತದೆ, ನಮ್ಮಲ್ಲಿ ನೆತ್ತಿಯ ಹತ್ತಿರವೇ ಹಾಯುತ್ತದೆ. ಅತ್ಯಂತ ಒಳ್ಳೆಯ ಆಕಾಶದ ಒಂದು ತುಂಡು ಕೈತಪ್ಪಿದಂತೆ.

ವಿದ್ಯಾರ್ಥಿಗಳು ಎಲ್ಲಿಂದ ಶುರು ಮಾಡಬಹುದು?

ನಾಲ್ಕಕ್ಕೆ ನಾಲ್ಕು, 16 ಪ್ಯಾಚ್‌ಗಳ (ಬೋರ್ಡಿನ ಮೇಲಿನ ತಾಮ್ರದ ಚಪ್ಪಟೆ ಎಲಿಮೆಂಟ್‌ಗಳ) ಅರೇಯಿಂದ. ಓಪನ್‌ಇಎಂಎಸ್ ಉಚಿತ ಸಿಮ್ಯುಲೇಟರ್, ಆಕ್ಟೇವ್ ಜೊತೆ ಕೆಲಸ ಮಾಡುತ್ತದೆ. ಬೋರ್ಡನ್ನು ಮಾತ್ರ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸರ್ಕ್ಯೂಟ್ ಬೋರ್ಡ್ ವಸ್ತು ಎಫ್‌ಆರ್-4ನಲ್ಲಿ ಮಾಡಬೇಡಿ. 12 ಗಿಗಾಹರ್ಟ್ಸ್‌ನಲ್ಲಿ ಆ ವಸ್ತುವಿನ ನಷ್ಟವೇ ಸೆಂಟಿಮೀಟರಿಗೆ ಸುಮಾರು 0.35 ಡಿಬಿ. 10 ಸೆಂ.ಮೀ. ಫೀಡ್ ಲೈನಿನಲ್ಲಿ ಅರ್ಧಕ್ಕೂ ಹೆಚ್ಚು ಶಕ್ತಿ ಶಾಖವಾಗಿ ಹೋಗುತ್ತದೆ. ಮೈಕ್ರೋವೇವ್‌ಗೆಂದೇ ಮಾಡಿದ ರೋಜರ್ಸ್ 5880 ಬೋರ್ಡ್ ದುಬಾರಿ, ಆದರೆ ಅದೇ ವಸ್ತುನಷ್ಟ ಅಲ್ಲಿ ಮೂವತ್ತರಲ್ಲಿ ಒಂದು ಪಾಲು. ಸಣ್ಣ ತುಂಡು ತರಿಸಿ. ಅರೇ ಬೇಡ ಎನ್ನುವವರು ವೇವ್‌ಗೈಡ್‌ಗೆ ಸೀಳು ಕೊರೆದ ಆಂಟೆನಾ ಮಾಡಬಹುದು, ಒಳ್ಳೆಯ ಮಿಲ್ಲಿಂಗ್ ಮಷೀನ್ ಇರುವ ವರ್ಕ್‌ಶಾಪ್ ಸಾಕು.

ಅಳೆಯುವಾಗ ದೂರ ಮರೆಯಬೇಡಿ. 45 ಸೆಂ.ಮೀ. ಆಂಟೆನಾದ ನಿಜವಾದ ಬೀಮ್ ಕಾಣಲು 14 ಗಿಗಾಹರ್ಟ್ಸ್‌ನಲ್ಲಿ ಕನಿಷ್ಠ 19 ಮೀಟರ್ ದೂರ ಬೇಕು. ಲ್ಯಾಬಿನ ಮೇಜಿನ ಆ ತುದಿಯಿಂದ ಈ ತುದಿಗೆ ಅಳೆದ ಪ್ಯಾಟರ್ನ್‌ಗೆ ಅರ್ಥವಿಲ್ಲ. 16 ಪ್ಯಾಚ್‌ನ ಅರೇಗಾದರೆ ಒಂದು ಮೀಟರ್ ಸಾಕು, ಅದೂ ಸಣ್ಣದರಿಂದ ಶುರು ಮಾಡಲು ಒಂದು ಕಾರಣ.

ಟಾಪ್ ಮೇಲಿನ ವಿಕಿರಣದಿಂದ ಒಳಗೆ ಕೂತವರಿಗೆ ಅಪಾಯವೇ?

ಒಳಗೆ ಕೂತವರಿಗೆ ಇಲ್ಲ, ಬೀಮ್ ಮೇಲಕ್ಕಿದೆ, ನಡುವೆ ಲೋಹದ ಟಾಪ್ ಇದೆ. ಮೇಲೆ ಹತ್ತಿದವರಿಗೆ ಇದೆ. 8 ವ್ಯಾಟ್ ಕಳಿಸುವ 45 ಸೆಂ.ಮೀ. ತಟ್ಟೆಯ ಎದುರಿಗೇ ತಲೆ ತಂದರೆ ಶಕ್ತಿ ಸಾಂದ್ರತೆ ಚದರ ಮೀಟರಿಗೆ ಗರಿಷ್ಠ 200 ವ್ಯಾಟ್‌ವರೆಗೆ ಹೋಗಬಹುದು. ಸಾರ್ವಜನಿಕರಿಗೆ ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ ಹೇಳುವ ಮಿತಿ 10 ವ್ಯಾಟ್. ಏಣಿಯ ಹತ್ತಿರ ಕನ್ನಡದಲ್ಲಿ ದೊಡ್ಡ ಎಚ್ಚರಿಕೆ ಫಲಕ ಹಾಕಿ, ಮೇಲೆ ಹತ್ತುವವರ ಕೈಗೆ ಸಿಗುವಂತೆ ಪ್ರಸಾರ ನಿಲ್ಲಿಸುವ ಸ್ವಿಚ್ ಇಡಿ.

ಭಾರತದಲ್ಲಿ ಪರವಾನಗಿ?

ಆಂಟೆನಾ ಕೊಂಡ ಮಾತ್ರಕ್ಕೆ ಪ್ರಸಾರ ಮಾಡುವ ಹಕ್ಕು ಬರುವುದಿಲ್ಲ. ವಿಮಾನ ಮತ್ತು ಹಡಗುಗಳಿಗೆ 2018ರಲ್ಲಿ ಪ್ರತ್ಯೇಕ ನಿಯಮಾವಳಿ ಬಂತು. ಉಪಗ್ರಹ ಸೇವೆಗೆ ಬೇಕಾದ ಜಿಎಂಪಿಸಿಎಸ್ ಪರವಾನಗಿ ವನ್‌ವೆಬ್, ಜಿಯೋ ಕಂಪನಿಗಳಿಗೆ ಸಿಕ್ಕಿದೆ, ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಸಿಕ್ಕಿತು. ನೀವು ಮಾಡಬೇಕಾದ್ದು ಇಷ್ಟು: ಸೇವೆ ಕೊಡುವ ಕಂಪನಿಯ ಪರವಾನಗಿಯಲ್ಲಿ ಓಡುವ ವಾಹನವೂ ಸೇರಿದೆಯೇ, ನಿಮ್ಮ ಮಾದರಿಯ ಆಂಟೆನಾವನ್ನು ಅವರು ಒಪ್ಪಿದ್ದಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೊದಲ ಸಲ ಆನ್ ಮಾಡುವಾಗ ಅವರ ಹಬ್‌ನ ಎಂಜಿನಿಯರ್ ಫೋನಿನಲ್ಲಿರಲಿ. ಅವರು ನಿಮ್ಮ ಕ್ಯಾರಿಯರನ್ನು ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿ, ಎದುರು ಧ್ರುವೀಕರಣಕ್ಕೆ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಒಪ್ಪಿಗೆ ಕೊಡುವವರೆಗೆ ಶಕ್ತಿ ಏರಿಸಬೇಡಿ.